ಓದಿಗೆ ಟೈಮರ್ ಇಡುವುದೋ, ಗಡಿಯಾರ ಮರೆಯುವುದೋ?

ಟೈಮರ್ ಇಟ್ಟು ಓದುವ ಪೊಮೊಡೊರೊ, ಗಡಿಯಾರ ಮರೆತು ಕಲಿಯಲು ಬಿಡುವ ಮಾಂಟೆಸ್ಸೊರಿ: ಈ ಎರಡೂ ಪದ್ಧತಿಗಳು ಇಟಲಿಯಲ್ಲೇ ಹುಟ್ಟಿದ್ದು ಕಾಕತಾಳೀಯ. ಪೊಮೊಡೊರೊ ಪದ್ಧತಿಯನ್ನು ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ತಮಗಾಗಿ ರೂಪಿಸಿಕೊಂಡರು: 25 ನಿಮಿಷ ಒಂದೇ ಕೆಲಸ, 5 ನಿಮಿಷ ವಿರಾಮ, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ಶುರುಮಾಡಿದ ಶಾಲೆಯ ಪರಂಪರೆಯದ್ದು ಬೇರೆ ದಾರಿ. ಸುಮಾರು ಮೂರು ಗಂಟೆ ಯಾರೂ ಅಡ್ಡ ಬರುವುದಿಲ್ಲ. ಯಾವ ಕೆಲಸ, ಎಷ್ಟು ಹೊತ್ತು ಎಂಬುದು ಮಗುವಿನ ಆಯ್ಕೆ.

ಪುಸ್ತಕ ತೆರೆಯುವುದಕ್ಕೇ ಸತಾಯಿಸುವವರಿಗೆ ಟೈಮರೇ ಸರಿ. ‘ಬರೀ 25 ನಿಮಿಷ’ ಎಂದರೆ ಮನಸ್ಸು ಒಪ್ಪುತ್ತದೆ. ಪರೀಕ್ಷೆಗೆ ಮುಂಚಿನ ಪುನರಾವರ್ತನೆಗೂ ಹೊಂದುತ್ತದೆ. ಆದರೆ ಕಠಿಣ ಲೆಕ್ಕವೊಂದು ಬಿಡಿಸಿಕೊಳ್ಳುವ ಹೊತ್ತಿಗೇ ಗಂಟೆ ಬಾರಿಸಿದರೆ ಎಳೆ ತಪ್ಪುತ್ತದೆ.

ದೀರ್ಘ ಅವಧಿಯಲ್ಲಿ ಆ ತೊಂದರೆಯಿಲ್ಲ. ಏನು ಆರಿಸಲಿ, ಎಲ್ಲಿ ನಿಲ್ಲಿಸಲಿ ಎಂದು ಮಗುವೇ ತೀರ್ಮಾನಿಸುತ್ತಾ ಹೋಗುತ್ತದೆ, ಸ್ವಂತ ಕಲಿಕೆಯ ಜೀವಾಳವೇ ಅದು. ಹಾಗೆಂದು ‘ಸ್ವಾತಂತ್ರ್ಯ ಕೊಟ್ಟಿದ್ದೇವೆ’ ಎಂದು ಸುಮ್ಮನೆ ಕೂತರೆ ಗದ್ದಲವಷ್ಟೇ ಸಿಗುತ್ತದೆ. ಮೊದಲೇ ಜೋಡಿಸಿಟ್ಟ ಸಾಮಗ್ರಿ, ಮಿತವಾದ ಆಯ್ಕೆಗಳು, ದೂರದಿಂದಲೇ ಗಮನಿಸುವ ಶಿಕ್ಷಕರು ಬೇಕೇ ಬೇಕು.

ಚಿಕ್ಕವರಿಗಾದರೆ ನನ್ನ ಮತ ಎರಡನೆಯದಕ್ಕೆ. ಪ್ರೌಢಶಾಲೆಯವರಿಗೆ ಟೈಮರ್ ಇರಲಿ, ಆದರೆ ಯಾವ ಪಾಠ, ಎಷ್ಟು ಸುತ್ತು ಎಂಬುದನ್ನು ಅವರೇ ಮೊದಲು ಬರೆದುಕೊಳ್ಳಲಿ.