ಹಳೆಯ ಸೇತುವೆ, ಹೊಸ ಹಾದಿ: ಡೈವರ್ಜಿಂಗ್ ಡೈಮಂಡ್ ಇಂಟರ್‌ಚೇಂಜ್ ಕೊಟ್ಟ ಹಣಕ್ಕೆ ತಕ್ಕುದೇ?

ಅಡ್ಡರಸ್ತೆಯೊಂದು ಸೇತುವೆಯ ಮೇಲೆ ಹೆದ್ದಾರಿಯನ್ನು ದಾಟಿ, ಏರಿಳಿಯುವ ಕೂಡುರಸ್ತೆಗಳು (ರ‍್ಯಾಂಪ್‌ಗಳು) ಎರಡನ್ನೂ ಬೆಸೆಯುವ ಇಂಟರ್‌ಚೇಂಜ್‌ನಲ್ಲಿ ದಟ್ಟಣೆ ಮಿತಿಮೀರಿತೆಂದರೆ ಮೊದಲು ಕೇಳಿಬರುವ ಬೇಡಿಕೆ ಸೇತುವೆಯನ್ನು ಅಗಲ ಮಾಡಬೇಕೆಂಬುದು, ಇಲ್ಲವೇ ಅದನ್ನು ಕೆಡವಿ ದೊಡ್ಡದೊಂದನ್ನು ಕಟ್ಟಬೇಕೆಂಬುದು. ಖರ್ಚಿನ ಬಹುಪಾಲು ನುಂಗುವುದೂ ಅದೇ ಕೆಲಸ. ಸೇತುವೆಯನ್ನು ಮುಟ್ಟದೆ, ಅದರ ಮೇಲೆ ವಾಹನಗಳು ಸಾಗುವ ಕ್ರಮವನ್ನಷ್ಟೇ ಬದಲಿಸಿ ದಟ್ಟಣೆ ಇಳಿಸಬಹುದು ಎನ್ನುವ ವಿನ್ಯಾಸ ಡೈವರ್ಜಿಂಗ್ ಡೈಮಂಡ್. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಹೆದ್ದಾರಿಗೆ ಏರುವ ಮತ್ತು ಹೆದ್ದಾರಿಯಿಂದ ಇಳಿದು ತಿರುಗುವ ವಾಹನಗಳೇ ಹೆಚ್ಚಾಗಿರುವ ಜಾಗದಲ್ಲಿ, ಇರುವ ಸೇತುವೆ ಇನ್ನೂ ಗಟ್ಟಿಯಾಗಿದ್ದರೆ, ಇಷ್ಟು ಕಡಿಮೆ ಹಣಕ್ಕೆ ಇಷ್ಟು ಪ್ರಯೋಜನ ಕೊಡುವ ಬೇರೊಂದು ವಿನ್ಯಾಸ ನನಗೆ ಕಾಣುವುದಿಲ್ಲ. ಆದರೆ ಆ ಎರಡು ಷರತ್ತುಗಳಲ್ಲಿ ಒಂದು ಇಲ್ಲದಿದ್ದರೂ ಲೆಕ್ಕ ತಲೆಕೆಳಗಾಗುತ್ತದೆ.

ಇದು ಕೆಲಸ ಮಾಡುವ ಬಗೆಯನ್ನು ತಿಳಿಯಲು ಮಾಮೂಲಿ ಡೈಮಂಡ್, ಅಂದರೆ ನಾಲ್ಕು ರ‍್ಯಾಂಪ್‌ಗಳು ವಜ್ರದಾಕಾರದಲ್ಲಿ ಹರಡಿರುವ ಸಾಮಾನ್ಯ ಇಂಟರ್‌ಚೇಂಜ್, ಎಲ್ಲಿ ಸೋಲುತ್ತದೆ ಎಂಬುದನ್ನು ನೋಡಬೇಕು. ಅಲ್ಲಿ ಅಡ್ಡರಸ್ತೆಯಿಂದ ಹೆದ್ದಾರಿಯ ರ‍್ಯಾಂಪ್‌ಗೆ ತಿರುಗಬೇಕಾದವರಲ್ಲಿ ಅರ್ಧದಷ್ಟು ಮಂದಿ ಎದುರು ಬರುವ ವಾಹನಗಳ ಹಾದಿಯನ್ನು ಕತ್ತರಿಸಿಕೊಂಡೇ ಹೋಗಬೇಕು. ಅವರಿಗಾಗಿ ಸಿಗ್ನಲ್ಲಿನಲ್ಲಿ ಪ್ರತ್ಯೇಕ ಸರದಿ ಇಡಬೇಕು, ಅವರು ಕಾದು ನಿಲ್ಲಲು ಸೇತುವೆಯ ಮೇಲೆಯೇ ಪ್ರತ್ಯೇಕ ಲೇನ್ ಕೊಡಬೇಕು. ಆ ಲೇನ್ ತುಂಬಿದರೆ ಸಾಲು ಹಿಂದಕ್ಕೆ ಬೆಳೆದು ನೇರ ಹೋಗುವವರನ್ನೂ ತಡೆಯುತ್ತದೆ. ಸೇತುವೆ ಅಗಲಿಸಬೇಕೆಂಬ ಬೇಡಿಕೆ ಹುಟ್ಟುವುದು ಇಲ್ಲಿಂದ. ಡೈವರ್ಜಿಂಗ್ ಡೈಮಂಡ್‌ನಲ್ಲಿ ಸೇತುವೆಗೆ ಸ್ವಲ್ಪ ಮುಂಚೆಯೇ, ಒಂದು ಸಿಗ್ನಲ್ಲಿನ ಬಳಿ, ಎರಡೂ ದಿಕ್ಕಿನ ವಾಹನಗಳು ಪಕ್ಕ ಬದಲಿಸಿಕೊಳ್ಳುತ್ತವೆ. ಸೇತುವೆಯ ಮೇಲೆ ಎಲ್ಲರೂ ತಮ್ಮ ರೂಢಿಯ ಪಕ್ಕಕ್ಕೆ ವಿರುದ್ಧವಾದ ಪಕ್ಕದಲ್ಲಿ ಸಾಗುತ್ತಾರೆ. ಹಾಗಾಗಿ ರ‍್ಯಾಂಪ್‌ಗೆ ತಿರುಗುವವನಿಗೆ ಎದುರಾಗಿ ಯಾರೂ ಇರುವುದಿಲ್ಲ, ಅವನು ಕಾಯದೆ ಸರಿದುಹೋಗುತ್ತಾನೆ. ನೇರ ಹೋಗುವವರು ಸೇತುವೆ ದಾಟಿದ ಮೇಲೆ ಇನ್ನೊಂದು ಸಿಗ್ನಲ್ಲಿನಲ್ಲಿ ಮತ್ತೆ ತಮ್ಮ ಪಕ್ಕಕ್ಕೆ ಮರಳುತ್ತಾರೆ. ಪ್ರತಿ ಸಿಗ್ನಲ್ಲಿಗೆ ಎರಡೇ ಸರದಿ ಸಾಕು. ವಾಹನಗಳ ಹಾದಿ ಒಂದಕ್ಕೊಂದು ತಾಗುವ ಬಿಂದುಗಳು ಮಾಮೂಲಿ ಡೈಮಂಡ್‌ನಲ್ಲಿ 26 ಇದ್ದರೆ ಇಲ್ಲಿ 14.

ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ 1970ರ ದಶಕದಲ್ಲೇ ಇಂಥದ್ದೊಂದು ಇತ್ತು. ಆದರೂ ವಿನ್ಯಾಸಕ್ಕೆ ಹೆಸರು ಬಂದದ್ದು ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 2009ರಲ್ಲಿ. ಗಿಲ್ಬರ್ಟ್ ಕ್ಲೆವಿಕಿ ಎಂಬ ಎಂಜಿನಿಯರ್ ವಿದ್ಯಾರ್ಥಿಯಾಗಿದ್ದಾಗಲೇ ರೂಪಿಸಿದ್ದ ಕಲ್ಪನೆಯನ್ನು ಅಲ್ಲಿನ ಸಾರಿಗೆ ಇಲಾಖೆ ಇಂಟರ್‌ಸ್ಟೇಟ್ 44 ಮತ್ತು ರಾಜ್ಯ ಹೆದ್ದಾರಿ 13 ಕೂಡುವಲ್ಲಿ ಕಾರ್ಯರೂಪಕ್ಕೆ ತಂದಿತು. ಇದ್ದ ಸೇತುವೆಯನ್ನೇ ಉಳಿಸಿಕೊಂಡದ್ದರಿಂದ ಒಟ್ಟು ವೆಚ್ಚ ಸುಮಾರು 32 ಲಕ್ಷ ಡಾಲರ್‌ನಲ್ಲಿ ಮುಗಿಯಿತು. ಮೊದಲ ವರ್ಷದಲ್ಲಿ ಅಪಘಾತಗಳು 46 ಶೇಕಡಾ ಇಳಿದವೆಂದು ಇಲಾಖೆಯ ವರದಿ ಹೇಳಿತು. ಒಂದೇ ಜಾಗದ, ಒಂದೇ ವರ್ಷದ ಅಂಕಿಯನ್ನು ಎಲ್ಲೆಡೆಗೂ ಅನ್ವಯಿಸುವುದು ತಪ್ಪು. ಆದರೂ ಅಡ್ಡ ತಿರುವಿನ ಡಿಕ್ಕಿಗೆ ಅವಕಾಶವೇ ಇಲ್ಲದ ವಿನ್ಯಾಸದಲ್ಲಿ ಇಳಿಕೆ ಕಂಡದ್ದು ಕಾಕತಾಳೀಯವಲ್ಲ.

ಇದರ ಪಕ್ಕದಲ್ಲಿ ಉಳಿದ ಆಯ್ಕೆಗಳನ್ನು ಇಟ್ಟು ನೋಡೋಣ. ಆರ್ಥರ್ ಹೇಲ್ 1916ರಲ್ಲಿ ಪೇಟೆಂಟ್ ಪಡೆದ ಕ್ಲೋವರ್‌ಲೀಫ್‌ಗೆ ಸಿಗ್ನಲ್ ಬೇಡ, ಒಂದೇ ಸೇತುವೆ ಸಾಕು. ಆದರೆ ನಾಲ್ಕು ಮೂಲೆಯ ಸುತ್ತುಗಳಿಗೆ ಅಪಾರ ಜಮೀನು ಬೇಕು. ಒಂದು ಸುತ್ತಿನಿಂದ ಹೊರಬರುವವರೂ ಮುಂದಿನ ಸುತ್ತಿಗೆ ಒಳಹೋಗುವವರೂ ಚಿಕ್ಕ ಅಂತರದಲ್ಲಿ ಪರಸ್ಪರ ದಾಟಿಕೊಳ್ಳಬೇಕಾಗುವುದರಿಂದ ದಟ್ಟಣೆ ಹೆಚ್ಚಿದಂತೆ ಅದೇ ಅಪಾಯದ ತಾಣವಾಗುತ್ತದೆ. ಅನೇಕ ಹಳೆಯ ಕ್ಲೋವರ್‌ಲೀಫ್‌ಗಳನ್ನು ಈಗ ತೆಗೆದುಹಾಕುತ್ತಿರುವುದಕ್ಕೆ ಇದೇ ಕಾರಣ. ಎಲ್ಲ ತಿರುವುಗಳನ್ನೂ ಒಂದೇ ಸಿಗ್ನಲ್ಲಿಗೆ ತರುವ ಏಕಬಿಂದು ಇಂಟರ್‌ಚೇಂಜ್ ಜಮೀನು ಉಳಿಸುತ್ತದೆ, ಆದರೆ ದೊಡ್ಡ ಸೇತುವೆ ಬೇಡುತ್ತದೆ. ಹಲವು ಅಂತಸ್ತಿನ ಸ್ಟ್ಯಾಕ್ ವಿನ್ಯಾಸವಂತೂ ಬೇರೆಯೇ ಲೋಕ: ಟೆಕ್ಸಸ್‌ನ ಡಲ್ಲಾಸ್‌ನಲ್ಲಿ 2005ರಲ್ಲಿ ಮುಗಿದ ಐದು ಅಂತಸ್ತಿನ ಹೈ ಫೈವ್‌ಗೆ ಸುಮಾರು 26 ಕೋಟಿ ಡಾಲರ್ ಬೇಕಾಯಿತು. ಎರಡು ಮಹಾ ಹೆದ್ದಾರಿಗಳು ಸಂಧಿಸುವಲ್ಲಿ, ಯಾರೂ ನಿಲ್ಲಲೇಬಾರದು ಎನ್ನುವಲ್ಲಿ, ಅದು ಸರಿಯಾದ ಖರ್ಚೇ. ಹೆದ್ದಾರಿಗೂ ಸಾಮಾನ್ಯ ಅಡ್ಡರಸ್ತೆಗೂ ನಡುವೆ ಅಂಥದ್ದನ್ನು ಕೇಳುವುದನ್ನು ಮಾತ್ರ ನಾನು ಒಪ್ಪಲಾರೆ.

ಖರ್ಚಿನ ಚರ್ಚೆಯಲ್ಲಿ ಸದಾ ಮರೆಯಾಗುವ ಸಂಗತಿಯೊಂದಿದೆ. ದೊಡ್ಡ ಯೋಜನೆಗಳ ವೆಚ್ಚವನ್ನು ಅಧ್ಯಯನ ಮಾಡುವ ಸಂಶೋಧಕ ಬೆಂಟ್ ಫ್ಲೈವ್‌ಬ್ಯಾರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ, 258 ಸಾರಿಗೆ ಯೋಜನೆಗಳ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಯೋಜನೆಗಳು ಅಂದಾಜು ಮೀರಿದ್ದವು. ಮೀರಿದ ಸರಾಸರಿ ರಸ್ತೆಗಳಲ್ಲಿ ಸುಮಾರು 20 ಶೇಕಡಾ ಇದ್ದರೆ ದೊಡ್ಡ ಸೇತುವೆ ಮತ್ತು ಸುರಂಗಗಳಲ್ಲಿ ಸುಮಾರು 34 ಶೇಕಡಾ. ನಕ್ಷೆಯಲ್ಲಿ ಹೊಸ ಕಟ್ಟಡ ಕಾಮಗಾರಿ ಹೆಚ್ಚಿದಂತೆ ಅಂದಾಜು ತಪ್ಪುವ ಸಾಧ್ಯತೆಯೂ ಹೆಚ್ಚುತ್ತದೆ ಎಂದೇ ನಾನು ಇದನ್ನು ಓದುತ್ತೇನೆ. ಆದ್ದರಿಂದ ಎರಡು ವಿನ್ಯಾಸಗಳನ್ನು ಹೋಲಿಸುವಾಗ ಟೆಂಡರಿನ ಮೊತ್ತಗಳನ್ನಷ್ಟೇ ನೋಡಿದರೆ ಸಾಲದು. ಭೂಸ್ವಾಧೀನ, ನೀರಿನ ಕೊಳವೆ ಮತ್ತು ವಿದ್ಯುತ್ ಕೇಬಲ್‌ಗಳ ಸ್ಥಳಾಂತರ, ಕಾಮಗಾರಿಯ ತಿಂಗಳುಗಳಲ್ಲಿ ಜನ ಕಳೆದುಕೊಳ್ಳುವ ಸಮಯ, ಮುಂದಿನ ದಶಕಗಳ ನಿರ್ವಹಣೆ ಇವೆಲ್ಲವೂ ಅದೇ ಪಟ್ಟಿಯಲ್ಲಿ ಇರಬೇಕು. ಸೇತುವೆ ಉಳಿಸಿಕೊಳ್ಳುವ ವಿನ್ಯಾಸ ಇವುಗಳಲ್ಲಿ ಹೆಚ್ಚಿನದರಲ್ಲಿ ಗೆಲ್ಲುತ್ತದೆ.

ಚಾಲಕನ ದೃಷ್ಟಿಯಿಂದ ನೋಡಿದರೆ ಎಲ್ಲವೂ ನಿಂತಿರುವುದು ಪಕ್ಕ ಬದಲಿಸುವ ಆ ಕೆಲವು ಮೀಟರುಗಳ ಮೇಲೆ. ಎರಡು ಹಾದಿಗಳು ಸುಮಾರು 45 ಡಿಗ್ರಿ ಕೋನದಲ್ಲಿ ಕತ್ತರಿಸಿದರೆ ಚಾಲಕನಿಗೆ ತಾನು ಸಾಮಾನ್ಯ ಚೌಕವೊಂದನ್ನು ನೇರ ದಾಟುತ್ತಿದ್ದೇನೆ ಅನ್ನಿಸುತ್ತದೆ, ಕಣ್ಣೆದುರು ತನ್ನದೇ ಲೇನ್ ತೆರೆದುಕೊಳ್ಳುತ್ತದೆ. ಜಮೀನು ಉಳಿಸಲೆಂದು ಕೋನವನ್ನು ಕಿರಿದು ಮಾಡಿದರೆ ರೂಢಿಯ ಪಕ್ಕದ ಹಾದಿಯೇ ಸಹಜವಾಗಿ ಕಂಡು ಆತ ಎದುರು ವಾಹನಗಳಿಗೆ ಮುಖಾಮುಖಿಯಾಗುವ ಅಪಾಯವಿದೆ. ರಸ್ತೆಯ ಮೇಲಿನ ಬಾಣದ ಗುರುತುಗಳು, ಲೇನ್ ಅನ್ನು ಸೇತುವೆಯವರೆಗೂ ಕೈಹಿಡಿದು ಒಯ್ಯುವ ಚುಕ್ಕೆಗೆರೆಗಳು, ರಾತ್ರಿ ಎದುರು ದೀಪದ ಬೆಳಕು ಕಣ್ಣಿಗೆ ಹೊಡೆಯದಂತೆ ತಡೆಯುವ ಮರೆಗಳು, ಇವು ಅಲಂಕಾರವಲ್ಲ. ಬಣ್ಣ ಮಾಸಿದ ಗುರುತುಗಳ ಡೈವರ್ಜಿಂಗ್ ಡೈಮಂಡ್ ಮಾಮೂಲಿ ಚೌಕಕ್ಕಿಂತ ಅಪಾಯಕಾರಿ. ಸಿಗ್ನಲ್ ಕೆಟ್ಟಾಗಲೂ ಹಾಗೆಯೇ: ಇಲ್ಲಿ ಚಾಲಕರು ತಮ್ಮ ಅಭ್ಯಾಸದ ಮೇಲೆ ನಂಬಿಕೆ ಇಡುವಂತಿಲ್ಲ, ಆದ್ದರಿಂದ ಬ್ಯಾಟರಿ ಬೆಂಬಲವಿಲ್ಲದ ಸಿಗ್ನಲ್ ವ್ಯವಸ್ಥೆಗೆ ಅನುಮತಿಯನ್ನೇ ಕೊಡಬಾರದು.

ಪಾದಚಾರಿಗಳ ವಿಷಯದಲ್ಲಿ ನನ್ನ ಅಸಮಾಧಾನ ಹೆಚ್ಚು. ಸೇತುವೆಯ ನಡುವೆ, ಎರಡು ಕಾಂಕ್ರೀಟ್ ತಡೆಗೋಡೆಗಳ ಮಧ್ಯೆ ನಡೆಯುವ ದಾರಿ ಕೊಡುವುದು ಇಲ್ಲಿನ ಜನಪ್ರಿಯ ಪರಿಹಾರ. ಅದರಿಂದ ಬಿಡುವಿಲ್ಲದೆ ಸಾಗುವ ಕೆಲವು ತಿರುವು ಲೇನ್‌ಗಳನ್ನು ದಾಟುವುದು ತಪ್ಪುತ್ತದೆ ಎಂಬುದು ನಿಜ. ಆದರೆ ಆ ನಡುದಾರಿಯನ್ನು ಮುಟ್ಟಲು ಎರಡೂ ತುದಿಯಲ್ಲಿ ಸಿಗ್ನಲ್‌ಗಾಗಿ ಕಾಯಬೇಕು. ನಡೆದು ಹೋಗುವವನಿಗೆ ವಾಹನ ಬರುವ ದಿಕ್ಕು ತಾನು ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿರುತ್ತದೆ. ಶಬ್ದವನ್ನೇ ನಂಬಿ ರಸ್ತೆ ದಾಟುವ ದೃಷ್ಟಿಹೀನರಿಗೆ ಇದು ಸಣ್ಣ ತೊಡಕಲ್ಲ. ಧ್ವನಿ ಸೂಚನೆಯ ಸಿಗ್ನಲ್, ಕಾಲಿಗೆ ತಿಳಿಯುವ ಉಬ್ಬು ಹಾಸು, ನಡುದಾರಿಗೆ ಸಾಕಷ್ಟು ಅಗಲ, ಇವುಗಳನ್ನು ಮೊದಲ ಅಂದಾಜಿನಲ್ಲೇ ಸೇರಿಸಬೇಕು. ಉಳಿತಾಯದ ಹೆಸರಿನಲ್ಲಿ ಮೊದಲು ಕತ್ತರಿ ಬೀಳುವುದು ಇವಕ್ಕೇ ಎನ್ನುವುದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಈ ವಿನ್ಯಾಸ ಹೊಂದದ ಜಾಗಗಳೂ ಇವೆ. ಅಡ್ಡರಸ್ತೆಯಲ್ಲಿ ನೇರ ಸಾಗುವವರೇ ಹೆಚ್ಚಾಗಿದ್ದರೆ, ಎರಡು ಸಿಗ್ನಲ್ಲುಗಳನ್ನು ಎರಡೂ ದಿಕ್ಕಿಗೆ ಒಟ್ಟೊಟ್ಟಿಗೆ ಹಸಿರಾಗಿಸುವುದು ಕಷ್ಟ. ಒಂದು ದಿಕ್ಕಿನವರು ಸೇತುವೆಯ ಮೇಲೆ ನಿಲ್ಲಲೇಬೇಕಾಗುತ್ತದೆ. ಇಳಿಯುವ ರ‍್ಯಾಂಪ್‌ನಿಂದ ನೇರ ಎದುರಿನ ಏರುವ ರ‍್ಯಾಂಪ್‌ಗೆ ಹೋಗುವ ದಾರಿ ಇಲ್ಲಿಲ್ಲ. ಇದರಿಂದ ಸೇತುವೆಯ ಕೆಳಗೆ ನುಸುಳಲಾರದ ಎತ್ತರದ ಸರಕು ವಾಹನಗಳಿಗೂ, ಹೆದ್ದಾರಿಯಿಂದಿಳಿದು ನಿಲ್ದಾಣ ಮುಟ್ಟಿ ಮತ್ತೆ ಹೆದ್ದಾರಿ ಹಿಡಿಯುವ ಬಸ್ಸುಗಳಿಗೂ ತೊಂದರೆ. ಸಮೀಪದಲ್ಲೇ ಇನ್ನೊಂದು ದಟ್ಟ ಚೌಕವಿದ್ದರೆ, ಇಂಟರ್‌ಚೇಂಜ್ ಎಷ್ಟೇ ಚುರುಕಾದರೂ ಸಾಲು ಅಲ್ಲಿಂದ ಹಿಂದಕ್ಕೆ ಬೆಳೆಯುತ್ತದೆ.

ಪ್ರಸ್ತಾವವೊಂದು ಸಾರ್ವಜನಿಕ ಸಭೆಗೆ ಬಂದಾಗ ನಾನು ಮೊದಲು ಕೇಳುವುದು ದಟ್ಟಣೆಯ ಹೊತ್ತಿನ ತಿರುವುಗಳ ಎಣಿಕೆಯನ್ನು, ಆಮೇಲೆ ಸೇತುವೆಯ ತಪಾಸಣಾ ವರದಿಯನ್ನು. ಎಷ್ಟು ವಾಹನಗಳು ತಿರುಗುತ್ತವೆ, ಎಷ್ಟು ನೇರ ಹೋಗುತ್ತವೆ, ಸೇತುವೆಗೆ ಇನ್ನೆಷ್ಟು ವರ್ಷದ ಆಯುಷ್ಯವಿದೆ ಎಂಬ ಮೂರು ಉತ್ತರಗಳಿಲ್ಲದ ನಕ್ಷೆಯ ಮೇಲೆ ವೆಚ್ಚದ ಚರ್ಚೆ ನಡೆಸುವುದರಲ್ಲಿ ಅರ್ಥವಿಲ್ಲ. ಸೇತುವೆಗೆ ಉಳಿದಿರುವುದು ಹತ್ತೇ ವರ್ಷವೆಂದು ವರದಿ ಹೇಳಿದರೆ, ಅಗ್ಗದ ವಿನ್ಯಾಸವೆಂದು ಡೈವರ್ಜಿಂಗ್ ಡೈಮಂಡ್‌ಗೆ ಮತ ಹಾಕಲು ನಾನು ಸಿದ್ಧನಿಲ್ಲ, ಏಕೆಂದರೆ ಆಗ ಒಂದೇ ಜಾಗಕ್ಕೆ ಎರಡು ಸಲ ಹಣ ಸುರಿಯಬೇಕಾಗುತ್ತದೆ.