ಮಳೆಗಾಲದ ಕುರ್ತಾಗೆ ಯಾವ ಬಟ್ಟೆ? ರೇಯಾನ್, ಕಾಟನ್, ಜಾರ್ಜೆಟ್, ಲಿನನ್ ಹೋಲಿಕೆ

ಈಗ ಯಾವ ಬಟ್ಟೆ ಅಂಗಡಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಕೋ-ಆರ್ಡ್ ಸೆಟ್. ಮೇಲಿನ ಕುರ್ತಾ, ಕೆಳಗಿನ ಪ್ಯಾಂಟ್ ಎರಡಕ್ಕೂ ಒಂದೇ ಬಟ್ಟೆ, ಒಂದೇ ಪ್ರಿಂಟ್. ನೋಡಲು ಚೆಂದ, ಬೆಳಿಗ್ಗೆ ಜೋಡಿ ಹುಡುಕುವ ತಲೆನೋವಿಲ್ಲ. ಬೇಸಿಗೆಯಲ್ಲಿ ಇದರ ಮೇಲೆ ತಕರಾರಿಲ್ಲ. ತಕರಾರು ಶುರುವಾಗುವುದು ಜೂನ್ ಬಂದ ಮೇಲೆ. ರೇನ್‌ಕೋಟ್ ಒಳಗೆ ಬೆವರುವ ಬೆನ್ನಿಗೆ ತೇವ ಹೀರುವ ಬಟ್ಟೆ ಬೇಕು. ಕೆಸರು ಸಿಡಿಯುವ ಮೊಣಕಾಲಿನ ಕೆಳಗೆ ನೀರು ಹೀರದ ಬಟ್ಟೆ ಬೇಕು. ಒಂದೇ ಥಾನಿನಿಂದ ಎರಡನ್ನೂ ಕತ್ತರಿಸಿದರೆ ಎರಡರಲ್ಲಿ ಒಂದು ಕಡೆ ತೊಂದರೆ ತಪ್ಪಿದ್ದಲ್ಲ.

ಇಲ್ಲಿ ಹೋಲಿಸಿರುವುದು ಕಾಲೇಜು, ಆಫೀಸಿಗೆ ಹೆಚ್ಚಾಗಿ ಹಾಕುವ ನಾಲ್ಕು ಬಟ್ಟೆಗಳನ್ನು. ಒಂದೇ ಅಳತೆ: 42 ಇಂಚು ಉದ್ದ, ಮುಕ್ಕಾಲು ತೋಳು, ನೇರ ಕಟ್, ಪಕ್ಕದಲ್ಲಿ ಸ್ಲಿಟ್. ಬಸ್ಸಿನಲ್ಲಿ, ಸ್ಕೂಟರ್ ಮೇಲೆ ತೊಟ್ಟು, ಬಕೆಟ್‌ನಲ್ಲಿ ಕೈಯಲ್ಲೇ ಒಗೆದು, ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಿಸಿ ನೋಡಿದ್ದು. ಬಿಸಿಲಲ್ಲಿ ಎಲ್ಲ ಬಟ್ಟೆಯೂ ಒಣಗುತ್ತದೆ, ಅಲ್ಲಿ ಹೋಲಿಕೆಯ ಪ್ರಶ್ನೆಯೇ ಇಲ್ಲ.

ರೇಯಾನ್

ಕೋ-ಆರ್ಡ್ ಸೆಟ್‌ಗಳಲ್ಲಿ ರೇಯಾನ್‌ನದೇ ಕಾರುಬಾರು. ಇದರ ಮೂಲ ಮರದ ತಿರುಳು. ಹರಿಹರದ ಎದುರು ದಡದಲ್ಲಿರುವ ಕುಮಾರಪಟ್ಟಣದಲ್ಲಿ ಈ ನಾರು ತಯಾರಿಸುವ ದೊಡ್ಡ ಕಾರ್ಖಾನೆಯೇ ಇದೆ. ಸಗಟು ಅಂಗಡಿಯವರು ‘14 ಕೆ.ಜಿ. ರೇಯಾನ್’ ಎನ್ನುತ್ತಾರಲ್ಲ, ಅದು ನೂರು ಮೀಟರ್ ಬಟ್ಟೆಯ ತೂಕ. ಒಣಗಿದ್ದಾಗ ಇಷ್ಟು ಚೆನ್ನಾಗಿ ಇಳಿಬೀಳುವ, ಬಣ್ಣ ಇಷ್ಟು ಗಾಢವಾಗಿ ಕಾಣುವ ಬಟ್ಟೆ ಈ ಬೆಲೆಗೆ ಬೇರೆ ಸಿಗುವುದಿಲ್ಲ.

ಒದ್ದೆಯಾದರೆ ಮಾತ್ರ ಕಥೆ ಬದಲಾಗುತ್ತದೆ. ನೀರು ಕುಡಿದ ರೇಯಾನ್ ನೂಲು ತನ್ನ ಬಲದಲ್ಲಿ ಸುಮಾರು ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹತ್ತಿ ಇದಕ್ಕೆ ತದ್ವಿರುದ್ಧ, ಒದ್ದೆಯಾದಾಗ ಇನ್ನಷ್ಟು ಗಟ್ಟಿ. ಹಾಗಾಗಿ ನೆಂದ ರೇಯಾನ್ ಕುರ್ತಾವನ್ನು ಅವಸರದಲ್ಲಿ ತಲೆಯ ಮೇಲಿಂದ ಎಳೆದು ತೆಗೆದರೆ ಕಂಕುಳಿನ ಹೊಲಿಗೆಯ ಪಕ್ಕದಲ್ಲಿ ನೂಲು ಜಾರಿ ಸಂದು ಬಿಡುತ್ತದೆ. ದಾರ ಹರಿಯುವುದಿಲ್ಲ, ಬಟ್ಟೆಯೇ ಬಿಟ್ಟುಕೊಡುತ್ತದೆ, ಆಮೇಲೆ ಹೊಲಿದರೂ ನಿಲ್ಲುವುದಿಲ್ಲ. ಎರಡನೆಯ ತೊಂದರೆ ತೂಕ. ನೆಂದ ಕುರ್ತಾ ತನ್ನ ಭಾರಕ್ಕೇ ಕೆಳಗೆ ಜಗ್ಗುತ್ತದೆ. ಅಂಬ್ರೆಲಾ ಕಟ್, ಎ-ಲೈನ್ ಆದರೆ ಅಂಚು ಒಂದೊಂದು ಕಡೆ ಒಂದೊಂದು ಉದ್ದ. ಒಣಗಿದ ಮೇಲೆ ಸುಕ್ಕಾಗಿ ಗಿಡ್ಡ ಕಾಣುತ್ತದೆ, ಇಸ್ತ್ರಿ ಹಾಕಿದರೆ ಮತ್ತೆ ಸ್ವಲ್ಪ ಉದ್ದವಾಗುತ್ತದೆ. ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಕುತ್ತಿಗೆ ಪಟ್ಟಿ, ಜೇಬಿನ ಮೂಲೆ, ಅಂಚಿನ ಮಡಿಕೆ ಮುಟ್ಟಿದರೆ ತಣ್ಣಗಿರುತ್ತವೆ.

ಆದರೂ ರೇಯಾನ್ ಬೇಕು ಅನ್ನುವವರು ಟೈಲರ್‌ಗೆ ಮೂರು ಮಾತು ಹೇಳಿ. ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿರಬೇಕು. ಇದು ನೂರಕ್ಕೆ ಐದರಿಂದ ಎಂಟರಷ್ಟು ಕುಗ್ಗಬಹುದು, ಅಂದರೆ 42 ಇಂಚಿನಲ್ಲಿ ಎರಡು ಇಂಚು ಮೀರಿ ಹೋದರೂ ಆಶ್ಚರ್ಯವಿಲ್ಲ. ಪಕ್ಕದ ಹೊಲಿಗೆಗೆ ಒಳಗೆ ಮುಕ್ಕಾಲು ಇಂಚು ಬಟ್ಟೆ ಬಿಡಬೇಕು, ಕಂಕುಳಲ್ಲಿ ಮೂರು ಇಂಚಿನ ಚೌಕ ತುಂಡು ಇಡಬೇಕು, ಎಳೆತ ಅದರ ಮೇಲೆ ಹಂಚಿಹೋಗುತ್ತದೆ. ಅಗಲ ಘೇರಿನ ಕುರ್ತಾ ಆದರೆ ಒಂದು ದಿನ ಹ್ಯಾಂಗರಿಗೆ ನೇತುಹಾಕಿ, ಜಗ್ಗುವಷ್ಟು ಜಗ್ಗಿದ ಮೇಲೆ ಅಂಚು ಸಮ ಕತ್ತರಿಸಿ ಮಡಿಸಬೇಕು. ಒಗೆದಾಗ ಹಿಂಡಬೇಡಿ. ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹಗ್ಗದ ಮೇಲೆ ನಡುವಿನಿಂದ ಮಡಚಿ ಹಾಕಿ.

ಕಾಟನ್

ಕಾಟನ್ ಎಂದರೆ ಒಂದೇ ಬಟ್ಟೆಯಲ್ಲ, ಮಳೆಗಾಲದಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. ಜೈಪುರದ ಪ್ರಿಂಟಿನ ಕುರ್ತಾಗಳಿಗೆ ಹೆಚ್ಚಾಗಿ ಬಳಸುವ ‘60-60’ ಬಟ್ಟೆಯಲ್ಲಿ ಹಾಸು, ಹೊಕ್ಕು ಎರಡೂ 60ರ ನೂಲು (ಈ ಸಂಖ್ಯೆ ಹೆಚ್ಚಿದಷ್ಟೂ ನೂಲು ತೆಳು); ಚದರ ಮೀಟರಿಗೆ 75 ಗ್ರಾಂ ಆಸುಪಾಸು ತೂಗುತ್ತದೆ. ದಪ್ಪ ಕೈಮಗ್ಗದ ಬಟ್ಟೆ, ನೂಲು ಅಲ್ಲಲ್ಲಿ ದಪ್ಪಗಿರುವ ಸ್ಲಬ್ ಕಾಟನ್, ಖಾದಿ ಇದರ ಒಂದೂವರೆ, ಎರಡು ಪಟ್ಟು ತೂಗುತ್ತವೆ. ಸಂಜೆ ಒಗೆದ 60-60 ಕುರ್ತಾ ಬೆಳಿಗ್ಗೆ ಹೊತ್ತಿಗೆ ಇಸ್ತ್ರಿಗೆ ಸಿದ್ಧ. ದಪ್ಪ ಕೈಮಗ್ಗದ ಕುರ್ತಾ ಮಾರನೆಯ ದಿನವೂ ಹಗ್ಗದ ಮೇಲೇ ಇರುತ್ತದೆ, ಮೂರನೆಯ ದಿನಕ್ಕೆ ಮುಗ್ಗಲು ವಾಸನೆ. ಕೈಮಗ್ಗದ ಬಟ್ಟೆಯ ಮೇಲೆ ನಮಗೆ ಎಷ್ಟೇ ಪ್ರೀತಿಯಿದ್ದರೂ ಅದರ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ.

ತೆಳು ಕಾಟನ್ನಿನ ಕುಂದು ಒಂದೇ: ನೆಂದರೆ ಒಳಗಿನದು ಕಾಣುತ್ತದೆ. ಲೈನಿಂಗ್ ಹಾಕಿಸಿದರೆ ಎರಡು ಪದರವಾಗಿ ಒಣಗುವ ಹೊತ್ತೂ ದುಪ್ಪಟ್ಟು. ಅದಕ್ಕಿಂತ ಕುರ್ತಾಗೆ ಹೊಲಿಯದೆ ಬೇರೆಯಾಗಿ ಹಾಕಿಕೊಳ್ಳುವ ಸ್ಲಿಪ್ ವಾಸಿ. ಮೈಬಣ್ಣಕ್ಕೆ ಹತ್ತಿರದ ಸ್ಲಿಪ್ ಆಗಬೇಕು, ಬಿಳಿ ಸ್ಲಿಪ್ ನೆಂದ ಬಟ್ಟೆಯ ಕೆಳಗೆ ಇನ್ನೂ ಎದ್ದು ಕಾಣುತ್ತದೆ. ಮಲ್ ಕಾಟನ್ ಇನ್ನೂ ತೆಳು, ಮಳೆಯಲ್ಲಿ ಮೈಗೆ ಅಂಟಿಬಿಡುತ್ತದೆ. ಅದನ್ನು ದುಪಟ್ಟಾಗೆ ಮೀಸಲಿಡಿ.

ಗಂಜಿ ಹಾಕುವ ಅಭ್ಯಾಸವನ್ನು ಈ ನಾಲ್ಕು ತಿಂಗಳು ಬಿಡಬೇಕು. ಗಂಜಿ ಎಂದರೆ ಪಿಷ್ಟ, ತೇವದ ಬೀರುವಿನಲ್ಲಿ ಬೂಷ್ಟಿಗೆ ಅದೇ ಊಟ. ಗಂಜಿ ಹಾಕಿ ಮಡಚಿಟ್ಟ ಕುರ್ತಾದ ಮಡಿಕೆಗಳಲ್ಲೇ ಕಪ್ಪು ಚುಕ್ಕೆ ಮೊದಲು ಬರುತ್ತದೆ, ಬಂದರೆ ಪೂರ್ತಿ ಹೋಗುವುದಿಲ್ಲ. ಗರಿಗರಿ ಬೇಕಿದ್ದರೆ ಅರ್ಧ ಒಣಗಿದಾಗಲೇ ಒಳಮೈ ಮೇಲೆ ಬಿಸಿ ಇಸ್ತ್ರಿ ಹಾಕಿ, ಅರ್ಧ ಗಂಟೆ ಗಾಳಿಗೆ ಬಿಟ್ಟು ಆಮೇಲೆ ಮಡಚಿ. ಇಸ್ತ್ರಿಯಿಂದ ತೆಗೆದ ಬಿಸಿಗೇ ಮಡಚಿದರೆ ಒಳಗೆ ಉಳಿದ ಹಬೆ ಬೀರುವಿಗೆ ಹೋಗುತ್ತದೆ.

ಕಾಟನ್ ಕೂಡ ನೂರಕ್ಕೆ ಮೂರರಿಂದ ಐದು ಕುಗ್ಗುತ್ತದೆ. 44 ಇಂಚು ಅಗಲದ ಬಟ್ಟೆಯಲ್ಲಿ ಈ ಕುರ್ತಾಗೆ ಎರಡೂಕಾಲು ಮೀಟರ್ ಸಾಕು, ನೆನೆಸುವ ಲೆಕ್ಕ ಹಿಡಿದು ಎರಡೂವರೆ ತೆಗೆದುಕೊಳ್ಳಿ.

ಜಾರ್ಜೆಟ್ ಮತ್ತು ಲಿನನ್

ಅಂಗಡಿಯ ಜಾರ್ಜೆಟ್ ಹೆಚ್ಚಿನದು ಪಾಲಿಯೆಸ್ಟರ್. ಒಣಗುವುದರಲ್ಲಿ ಇದನ್ನು ಮೀರಿಸುವ ಬಟ್ಟೆ ಇಲ್ಲ, ಫ್ಯಾನಿನ ಕೆಳಗೆ ಎರಡು ಮೂರು ಗಂಟೆ ಸಾಕು. ಕಾರಣ ಸರಳ: ಮಧ್ಯಮ ತೇವದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಶೇ. 8.5ರಷ್ಟು ತೇವ ಹಿಡಿದಿಡುತ್ತದೆ, ಲಿನನ್ ಶೇ. 12ರಷ್ಟು, ರೇಯಾನ್ ಶೇ. 11ರಿಂದ 13, ಪಾಲಿಯೆಸ್ಟರ್ ಶೇ. 0.4 ಮಾತ್ರ. ಅದೇ ಗುಣ ಮೈಮೇಲೆ ದೋಷವಾಗುತ್ತದೆ. ರೇನ್‌ಕೋಟ್ ಒಳಗೆ ಬೆವರನ್ನು ಹೀರದೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬೆವರಿನ ಎಣ್ಣೆಯಂಶ ಈ ನೂಲಿಗೆ ಹತ್ತಿ ಕೂರುವುದರಿಂದ, ಒಗೆದು ಒಣಗಿಸಿದ ಕುರ್ತಾ ಕೂಡ ತೊಟ್ಟ ಅರ್ಧ ಗಂಟೆಗೆ ಕಂಕುಳಲ್ಲಿ ಹಳೆಯ ವಾಸನೆ ಬಿಡುತ್ತದೆ. ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪಿನಲ್ಲಿ ಒಗೆದರೆ ಬಹಳಷ್ಟು ಕಡಿಮೆಯಾಗುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದರ ಪದರ ವಾಸನೆಯನ್ನು ಒಳಗೇ ಕೂಡಿಹಾಕುತ್ತದೆ.

ರೆಡಿಮೇಡ್ ಕೊಳ್ಳುವಾಗ ಒಳಗಿನ ಲೈನಿಂಗ್ ಮುಟ್ಟಿ ನೋಡಿ. ಜಾರ್ಜೆಟ್‌ಗೆ ಕಾಟನ್ ಲೈನಿಂಗ್ ಇದ್ದರೆ ಮೇಲ್ಬಟ್ಟೆ ಬೇಗ ಒಣಗಿಯೂ ಪ್ರಯೋಜನವಿಲ್ಲ, ಲೈನಿಂಗ್ ಒಣಗುವವರೆಗೆ ಕಾಯಲೇಬೇಕು. ಎರಡೂ ಬೇರೆ ಬೇರೆ ಕುಗ್ಗಿ ಅಂಚಿನಲ್ಲಿ ಒಳಗಿನದು ಗಿಡ್ಡವಾಗುತ್ತದೆ. ಕ್ರೇಪ್ ಲೈನಿಂಗ್ ಇದ್ದರೆ ಬೇಗ ಒಣಗುತ್ತದೆ, ಸೆಕೆ ಮಾತ್ರ ಹೆಚ್ಚು. ಸಂಜೆಯ ಒಂದು ಸಮಾರಂಭಕ್ಕೆ ಜಾರ್ಜೆಟ್ ಸರಿ, ಎಂಟು ಗಂಟೆಯ ಆಫೀಸಿಗಲ್ಲ.

ಲಿನನ್ ಒದ್ದೆಯಾದರೂ ಬಲ ಕಳೆದುಕೊಳ್ಳುವುದಿಲ್ಲ, ಮೈಗೆ ಅಂಟುವುದಿಲ್ಲ. ಆದರೆ ಕುರ್ತಾ ತೂಕದ ಲಿನನ್ 60-60 ಕಾಟನ್ನಿನ ಹತ್ತಿರ ಹತ್ತಿರ ಎರಡು ಪಟ್ಟು ತೂಗುತ್ತದೆ, ಬೆಲೆಯೂ ಹಲವು ಪಟ್ಟು. ರೇನ್‌ಕೋಟ್ ಕೆಳಗೆ ಅರ್ಧ ಗಂಟೆ ಕೂತರೆ ಹೊಟ್ಟೆಯ ಮೇಲೆ, ಮೊಣಕೈ ಒಳಗೆ ಬಿದ್ದ ಸುಕ್ಕು ತೇವದಲ್ಲೇ ಗಟ್ಟಿಯಾಗಿ ಸಂಜೆವರೆಗೆ ಉಳಿಯುತ್ತದೆ. ಕಾರು, ಮೆಟ್ರೊದಲ್ಲಿ ಹೋಗುವವರಿಗೆ ಪರವಾಗಿಲ್ಲ. ಮಳೆಗೆಂದೇ ಕೊಳ್ಳುವ ಬಟ್ಟೆ ಇದಲ್ಲ.

ಕೆಳಗಿನ ಬಟ್ಟೆ

ಕೋ-ಆರ್ಡ್ ಸೆಟ್ ಹೆಚ್ಚು ಸೋಲುವುದು ಇಲ್ಲಿ. ಇದರ ಪ್ಯಾಂಟ್ ಸಾಮಾನ್ಯವಾಗಿ ಅಗಲ ಪಲಾಝೋ, ಅದೂ ರೇಯಾನ್. ಅಂಚು ಒಮ್ಮೆ ನೀರಿಗೆ ತಾಗಿದರೆ ಸಾಕು, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರು ತಾನಾಗಿ ಮೊಣಕಾಲಿನ ಕಡೆಗೆ ಏರುತ್ತದೆ, ಕೆಸರಿನ ಬಣ್ಣವನ್ನೂ ಜೊತೆಗೆ ಒಯ್ಯುತ್ತದೆ. ಕಾಟನ್ ಲೆಗ್ಗಿಂಗ್ಸ್ ಚರ್ಮಕ್ಕೆ ಅಂಟಿ ಚಳಿ ಹಿಡಿಸುತ್ತದೆ. ಜೀನ್ಸ್ ಎಲ್ಲಕ್ಕಿಂತ ಕೆಟ್ಟದ್ದು, ಸೊಂಟದ ಪಟ್ಟಿಯೂ ಜೇಬೂ ಎರಡು ದಿನ ಒಣಗುವುದಿಲ್ಲ.

ಇಲ್ಲಿ ಪಾಲಿಯೆಸ್ಟರ್‌ಗೆ ನಮ್ಮ ಪೂರ್ತಿ ಮತ. ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ಬಟ್ಟೆಯಲ್ಲಿ ಸಿಗರೇಟ್ ಪ್ಯಾಂಟ್ ಹೊಲಿಸಿ. ಕಾಲಿನ ತುದಿಯ ಸುತ್ತಳತೆ 12ರಿಂದ 13 ಇಂಚು, ಉದ್ದ ಹಿಮ್ಮಡಿಯ ಗಂಟಿಗಿಂತ ಎರಡು ಇಂಚು ಮೇಲೆ. ಅಂಚನ್ನು ಅರ್ಧ ಇಂಚಷ್ಟೇ ಮಡಿಸಲು ಹೇಳಿ, ದಪ್ಪ ಮಡಿಕೆಯೇ ನೀರಿನ ಮನೆ. ಕಪ್ಪು, ಕಾಫಿ ಬಣ್ಣ, ಗಾಢ ನೀಲಿಯಲ್ಲಿ ತಲಾ ಒಂದು ಇದ್ದರೆ ಎಲ್ಲ ಪ್ರಿಂಟ್ ಕುರ್ತಾಗೂ ಹೊಂದುತ್ತವೆ. ಕೋ-ಆರ್ಡ್ ನೋಟವೇ ಬೇಕೆಂದರೆ ಕುರ್ತಾದ ಬಟ್ಟೆಯಿಂದ ಒಂದೂವರೆ ಇಂಚಿನ ಪಟ್ಟಿಯನ್ನು ಪ್ಯಾಂಟಿನ ಜೇಬಿನ ಬಾಯಿಗೆ ಕೊಡಿಸಿ. ಕಾಲಿನ ಅಂಚಿಗೆ ಬೇಡ.

ಸ್ಕೂಟರ್ ಓಡಿಸುವವರಿಗೆ 42 ಇಂಚಿನ ಕುರ್ತಾವೂ ಉದ್ದವೇ. ಹಿಂದಿನ ಸೆರಗು ರೇನ್‌ಕೋಟ್‌ನಿಂದ ಹೊರಬಂದು ಹಿಂಚಕ್ರದ ನೀರಿಗೆ ಸಿಗುತ್ತದೆ. 34ರಿಂದ 36 ಇಂಚಿನ ಶಾರ್ಟ್ ಕುರ್ತಾ ಈಗ ಫ್ಯಾಷನ್ನೂ ಹೌದು, ಮಳೆಗೆ ಅನುಕೂಲವೂ ಹೌದು. ತೋಳು ಮೊಣಕೈವರೆಗಿದ್ದರೆ ಸಾಕು. ಬೆಲ್ ಸ್ಲೀವ್ ರೇನ್‌ಕೋಟ್‌ನ ಕೈಯಿಂದ ಹೊರಗೆ ಇಣುಕಿ ನೀರನ್ನು ಒಳಗೆ ಎಳೆಯುತ್ತದೆ. ದುಪಟ್ಟಾ ಚೀಲದೊಳಗೆ ಇರಲಿ. ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಅಪಾಯ.

ಬಣ್ಣ, ಕಲೆ

ಮಳೆ ಹನಿ ಬಿದ್ದದ್ದು ಹೆಚ್ಚು ಎದ್ದು ಕಾಣುವುದು ಮಧ್ಯಮ ಛಾಯೆಗಳಲ್ಲಿ: ಬೂದು, ಆಕಾಶನೀಲಿ, ಸಾದಾ ಹಸಿರು. ಒತ್ತೊತ್ತಾದ ಸಣ್ಣ ಪ್ರಿಂಟ್ ಹನಿಯನ್ನೂ ಬೆವರನ್ನೂ ಮರೆಮಾಡುತ್ತದೆ. ಇಂಡಿಗೊ, ಅಜ್ರಖ್ ತೆಗೆದುಕೊಳ್ಳುವಾಗ ಒದ್ದೆ ಬಿಳಿ ಕರವಸ್ತ್ರದಿಂದ ಒಳಮೈಯನ್ನು ಹತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಮಳೆಯಲ್ಲಿ ಅದು ನಿಮ್ಮ ಸ್ಲಿಪ್‌ಗೂ ಚೀಲದ ಪಟ್ಟಿಗೂ ಹತ್ತುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ, ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಉಪ್ಪು ಏನೂ ಮಾಡುವುದಿಲ್ಲ. ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯುವುದೊಂದೇ ದಾರಿ.

ಕೆಸರಿನ ಕಲೆಯನ್ನು ಹಸಿಯಿದ್ದಾಗ ಉಜ್ಜಿದರೆ ಮಣ್ಣು ನೂಲಿನೊಳಗೆ ಸೇರುತ್ತದೆ. ಪೂರ್ತಿ ಒಣಗಲು ಬಿಟ್ಟು, ಬ್ರಷ್‌ನಿಂದ ಕೊಡವಿ, ಕಲೆಯ ಹಿಂಬದಿಯಿಂದ ನಲ್ಲಿ ನೀರು ಬಿಡಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಬಿಳಿ ಬಟ್ಟೆಯಾದರೆ ನಿಂಬೆರಸ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆಯಿರಿ.

ಊರಿನ ಮೇಲೂ ಆಯ್ಕೆ ಬದಲಾಗುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಅಲ್ಲಿ 60-60 ಕಾಟನ್ ಬಿಟ್ಟರೆ ಪಾಲಿಯೆಸ್ಟರ್ ಬೆರೆತ ಕಾಟನ್, ಮೂರನೆಯ ಮಾತಿಲ್ಲ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಹೆಚ್ಚಾಗಿ ಸಂಜೆ. ಬೆಳಿಗ್ಗೆ ಬಿಸಿಲು ನೋಡಿ ರೇಯಾನ್ ತೊಟ್ಟು ಹೋದವರು ಮನೆಗೆ ಬರುವಾಗ ನೆನೆಯುತ್ತಾರೆ. ಕಲಬುರಗಿ, ರಾಯಚೂರಿನ ಕಡೆ ಮಳೆಯ ನಡುವೆ ಬಿಸಿಲು ಬರುತ್ತದೆ, ಅಲ್ಲಿ ರೇಯಾನನ್ನು ಪೂರ್ತಿ ಬಿಡಬೇಕಿಲ್ಲ.

ಗೌರಿ-ಗಣೇಶ ಹಬ್ಬ ಮಳೆಯ ನಡುವೆಯೇ ಬರುತ್ತದೆ, ಖಣದ ಯೋಕ್ (ಎದೆಯ ಮೇಲ್ಭಾಗದ ತುಂಡು) ಇಟ್ಟ ಕಾಟನ್ ಕುರ್ತಾಗೆ ಆಗಲೇ ಬೇಡಿಕೆ. ಗುಳೇದಗುಡ್ಡದ ಖಣ, ಕೆಳಗಿನ ಕಾಟನ್ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಎದೆಯ ಜೋಡಣೆಯಲ್ಲಿ ನಿರಿಗೆ ಬೀಳುತ್ತದೆ. ಕಾಟನ್ನನ್ನು ನೆನೆಸಿ ಕುಗ್ಗಿಸಿ, ಖಣಕ್ಕೆ ಒಳಮೈಯಿಂದ ಹಬೆ ಇಸ್ತ್ರಿ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಟೈಲರ್ ಕೈಗೆ ಕೊಡಿ. ಖಣದ ಒಳಗೆ ಅಂಟಿಸುವ ಕ್ಯಾನ್ವಾಸ್ ಬೇಡ ಎಂದು ಮೊದಲೇ ಹೇಳಿಬಿಡಿ. ಒಮ್ಮೆ ನೆಂದರೆ ಅದು ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಮತ್ತೆ ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಅದರ ಬದಲು ಖಣದ ಕೆಳಗೆ ತೆಳು ಮಲ್ ಬಟ್ಟೆ ಇಟ್ಟು ಹೊಲಿದರೆ ಸಾಕು.