ಗುರುತಿಲ್ಲದವರ ಮೆಸೇಜು: ವಾಟ್ಸಾಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಲ್ಲಿ ಯಾವುದರ ತಡೆ ಗಟ್ಟಿ?

"ನಮಸ್ತೆ, ನಾನು ಕಂಪನಿ ಎಚ್‌ಆರ್. ಯೂಟ್ಯೂಬ್ ವಿಡಿಯೋ ಲೈಕ್ ಮಾಡಿ, ಒಂದು ಲೈಕಿಗೆ 50 ರೂಪಾಯಿ." ವಾಟ್ಸಾಪ್‌ನಲ್ಲಿ ಹೀಗೆ ಶುರುವಾಗುವ ಮಾತು ಟೆಲಿಗ್ರಾಂ ಗ್ರೂಪಿಗೆ ಹೋಗಿ, 'ಪ್ರೀಪೇಯ್ಡ್ ಟಾಸ್ಕ್' (ಮೊದಲು ದುಡ್ಡು ಕಟ್ಟಿ ಮಾಡುವ ಕೆಲಸ) ಹೆಸರಲ್ಲಿ ದುಡ್ಡು ಕಿತ್ತುಕೊಳ್ಳುತ್ತದೆ. ಮೂರೂ ಆ್ಯಪ್‌ಗಳ ಸೆಟ್ಟಿಂಗ್ಸ್ ಬದಲಿಸಿ ಬಳಸಿ ನೋಡಿದಾಗ, ಯಾರು ಬೇಕಾದರೂ ಗ್ರೂಪಿಗೆ ಸೇರಿಸುವ ದಾರಿಯನ್ನು ಮುಚ್ಚಿದ್ದರಿಂದಲೇ ಹೆಚ್ಚು ನೆಮ್ಮದಿ ಸಿಕ್ಕಿದ್ದು.

ಆ ಕೆಲಸ ವಾಟ್ಸಾಪ್‌ನಲ್ಲಿ ಸುಲಭ. ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್‌ಗೆ ಹೋಗಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಆಮೇಲೆ ಅಪರಿಚಿತ ಅಡ್ಮಿನ್ ನಿಮ್ಮನ್ನು ನೇರವಾಗಿ ಸೇರಿಸಲಾರ. ಆಹ್ವಾನ ಕಳಿಸಬಹುದು ಅಷ್ಟೆ, ಅದೂ 3 ದಿನಕ್ಕೆ ರದ್ದಾಗುತ್ತದೆ. ಪ್ರೈವಸಿಯಲ್ಲೇ 'ಅಡ್ವಾನ್ಸ್ಡ್' ಒಳಗೆ ಅಪರಿಚಿತ ಖಾತೆಗಳ ಮೆಸೇಜು ತಡೆಯುವ ಗುಂಡಿಯಿದೆ. ಅದನ್ನು ಪೂರ್ತಿ ನಂಬಬೇಡಿ. ಮೆಸೇಜುಗಳ ಸಂಖ್ಯೆ ಮಿತಿ ಮೀರಿದಾಗ ಮಾತ್ರ ಅದು ಕೆಲಸ ಮಾಡುತ್ತದೆ, ಒಂಟಿ ಮೆಸೇಜು ಬಂದೇ ಬರುತ್ತದೆ.

ಟೆಲಿಗ್ರಾಂ ಮೂರರಲ್ಲಿ ದುರ್ಬಲ. ಅಲ್ಲಿ ಬಾಟ್ (ಮನುಷ್ಯರ ಬದಲು ಪ್ರೋಗ್ರಾಂ ನಡೆಸುವ ಖಾತೆ) ತಾನಾಗಿ ಮೊದಲ ಮೆಸೇಜು ಕಳಿಸಲಾರದು, ನೀವೇ 'ಸ್ಟಾರ್ಟ್' ಒತ್ತಬೇಕು. ಹಾಗಾಗಿ ಕಸ ಸುರಿಯುವುದು ಸಾಮಾನ್ಯ ಬಳಕೆದಾರರ ಹೆಸರಲ್ಲಿ ತೆರೆದು ಸ್ಕ್ರಿಪ್ಟ್‌ನಿಂದ ಓಡಿಸುವ ಖಾತೆಗಳು. ಷೇರು ಟಿಪ್ಸ್ ಇರಲಿ, ಪರೀಕ್ಷೆ ನೋಟ್ಸ್ ಇರಲಿ, ತೆರೆದ ಗ್ರೂಪಿನ ಸದಸ್ಯರ ಪಟ್ಟಿ ಎತ್ತಿಕೊಂಡು ಒಬ್ಬೊಬ್ಬರಿಗೂ ಕಳಿಸುತ್ತವೆ. ನೀವು ಅಡ್ಮಿನ್ ಆಗಿದ್ದು ಗ್ರೂಪಿನಲ್ಲಿ 100ಕ್ಕಿಂತ ಹೆಚ್ಚು ಜನರಿದ್ದರೆ ಸದಸ್ಯರ ಪಟ್ಟಿ ಮರೆಮಾಡುವ 'ಹೈಡ್ ಮೆಂಬರ್ಸ್' ಇವತ್ತೇ ಹಾಕಿ. ಸದಸ್ಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಿಮ್ಮ ಖಾತೆಗೆ 'ಪ್ರೈವಸಿ ಅಂಡ್ ಸೆಕ್ಯುರಿಟಿ'ಯಲ್ಲಿ ಇನ್ವೈಟ್ಸ್ ಅನ್ನು 'ಮೈ ಕಾಂಟ್ಯಾಕ್ಟ್ಸ್'ಗೆ ಇಳಿಸಿ. ಫೋನ್ ನಂಬರನ್ನು 'ನೋಬಡಿ' ಮಾಡಿ. ಹಾಗೆ ಮಾಡಿದಾಗಲೇ ಕೆಳಗೆ ಇನ್ನೊಂದು ಪ್ರಶ್ನೆ ತೆರೆದುಕೊಳ್ಳುತ್ತದೆ: ನಂಬರಿನಿಂದ ನಿಮ್ಮನ್ನು ಯಾರು ಹುಡುಕಬಹುದು? ಬಹಳ ಜನ ಅದನ್ನು ನೋಡದೆ ಹಿಂದೆ ಬಂದುಬಿಡುತ್ತಾರೆ. ಅಲ್ಲೂ 'ಮೈ ಕಾಂಟ್ಯಾಕ್ಟ್ಸ್' ಇಡಿ. ಅಪರಿಚಿತರ ಮೆಸೇಜನ್ನೇ ತಡೆಯಲು ಮಾತ್ರ ಪ್ರೀಮಿಯಂ ದುಡ್ಡು ಕಟ್ಟಬೇಕು, ಆಗಲೂ ಪ್ರೀಮಿಯಂ ಇರುವ ಅಪರಿಚಿತರು ಕಳಿಸಬಹುದು. ಇದು ಸರಿಯಲ್ಲ, ಸುರಕ್ಷತೆ ಉಚಿತವಾಗಿರಬೇಕು.

ಸೋಸುವುದರಲ್ಲಿ ಇನ್‌ಸ್ಟಾಗ್ರಾಂ ಮುಂದೆ. ನೀವು ಒಪ್ಪುವ ತನಕ, ನೀವು ಫಾಲೋ ಮಾಡದವರು ಒಂದೇ ಮೆಸೇಜು ಕಳಿಸಬಹುದು, ಅದೂ ಬರೀ ಅಕ್ಷರ, ಫೋಟೋ ಇಲ್ಲ. ಅದು 'ರಿಕ್ವೆಸ್ಟ್' ಆಗಿ ಬೇರೆ ಕಡೆ ಬಂದು ಕೂರುತ್ತದೆ, ತೆರೆದು ಓದಿದರೂ ಕಳಿಸಿದವರಿಗೆ 'ಸೀನ್' ಕಾಣದು. ಸೀರೆ, ಉಪ್ಪಿನಕಾಯಿ ಮಾರುವವರು ರಿಕ್ವೆಸ್ಟ್ ಪೂರ್ತಿ ಮುಚ್ಚುವಂತಿಲ್ಲ, ಗಿರಾಕಿ ಬರುವುದೇ ಅಲ್ಲಿಂದ. ಅವರಿಗೆ 'ಹಿಡನ್ ವರ್ಡ್ಸ್' ಇದೆ, ನೀವು ಕೊಟ್ಟ ಪದಗಳಿರುವ ರಿಕ್ವೆಸ್ಟನ್ನು ಅದು ಬದಿಗೆ ಸರಿಸುತ್ತದೆ. ಇದರಲ್ಲಿ ಜನ ತಪ್ಪುವುದು ಲಿಪಿಯಲ್ಲಿ: 'ಪಾರ್ಟ್ ಟೈಮ್', 'ಕ್ರಿಪ್ಟೊ', 'ಕೊಲಾಬ್' ಇವನ್ನು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬೇರೆ ಬೇರೆಯಾಗಿ ಸೇರಿಸಿ. ಅಕ್ಷರಗಳ ನಡುವೆ ಚುಕ್ಕಿ ಇಟ್ಟು ಬರೆಯುವವರೂ ಇದ್ದಾರೆ, ಆ ರೂಪವನ್ನೂ ಹಾಕಿ. ತಡೆದದ್ದೆಲ್ಲ 'ಹಿಡನ್ ರಿಕ್ವೆಸ್ಟ್ಸ್'ನಲ್ಲಿ ಬೀಳುತ್ತದೆ. ವಾರಕ್ಕೊಮ್ಮೆ ಇಣುಕಿ, ನಿಜವಾದ ಆರ್ಡರ್ ಅಲ್ಲಿ ಸಿಕ್ಕಿಕೊಂಡಿರಬಹುದು.

ರಿಪೋರ್ಟ್ ಮಾಡುವಾಗ ಒಂದು ಎಚ್ಚರ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಒತ್ತಿದರೆ ಅವರಿಂದ ಬಂದ ಕೊನೆಯ 5 ಮೆಸೇಜು ಕಂಪನಿಗೆ ಹೋಗುತ್ತದೆ. ಜೊತೆಗೆ ಬ್ಲಾಕ್ ಮಾಡಿ ಚಾಟ್ ಅಳಿಸುವ ಗುರುತು ಇದ್ದರೆ ನಿಮ್ಮ ಕೈಲಿ ಸಾಕ್ಷಿ ಉಳಿಯುವುದಿಲ್ಲ. ದುಡ್ಡು ಹೋಗಿದ್ದರೆ ಮೊದಲು ನಂಬರು, ಯುಪಿಐ ಐಡಿ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಲಾಕ್ ಆಮೇಲೆ.